ಪುಣ್ಯದ ಓಲೆಗಳಿಗೆ ‘ನರಕದ ಬೆದರಿಕೆ’ ಎಂಬ ಹಣೆಪಟ್ಟಿ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಬಂದ ಲಾವೋಸ್ ಪ್ರವಾಸದ ಬರಹ ಓದಿದೆ. ಲುವಾಂಗ್ ಪ್ರಬಾಂಗ್‌ನ ಮುಂಜಾವಿನ ಭಿಕ್ಷೆ, ಮೆಕಾಂಗ್ ನದಿಯ ದೋಣಿ ಎಲ್ಲ ಸೊಗಸಾಗಿ ಬಂದಿದೆ. ಆದರೆ ಅಲ್ಲಿನ ಓಲೆಗರಿ ಗ್ರಂಥಗಳನ್ನು ‘ನರಕದ ಹೆದರಿಕೆ ಹುಟ್ಟಿಸಿ ದಾನ ಕೀಳುವ ಪುಸ್ತಕಗಳು’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದ್ದು ಸರಿಯಲ್ಲ. ಹಸ್ತಪ್ರತಿಗಳಿಗೆ ಮಜ್ಜಿಗೆ ಹುಲ್ಲಿನ ಎಣ್ಣೆ ಸವರುತ್ತ, ಸೂಚಿ ಬರೆಯುತ್ತ ನೌಕರಿ ಮುಗಿಸಿದವಳು ನಾನು. ಬೌದ್ಧ ಗ್ರಂಥಗಳ ಹಳೆಯ ಭಾಷೆಯಾದ ಪಾಲಿ ಓದಿಕೊಂಡಿದ್ದೆ, ಲಾವೋಸ್‌ನವರು ಧರ್ಮಗ್ರಂಥಗಳಿಗೆ ಬಳಸುವ ಥಾಮ್ ಲಿಪಿಯನ್ನು ನಿವೃತ್ತಿಯ ಮೇಲೆ ತಿಣುಕಾಡಿ ಕಲಿತೆ. ಆ ಸಲುಗೆಯಿಂದ ನಾಲ್ಕು ಮಾತು.

ಅಲ್ಲಿನ ವಿಹಾರಗಳಲ್ಲಿ ‘ಆನಿಸೋಂಗ್’ ಎಂಬ ಕಿರುಗ್ರಂಥಗಳು ಹೇರಳ. ಮಳೆಗಾಲದ ವಾಸ ಮುಗಿಸಿದ ಭಿಕ್ಷುಗಳಿಗೆ ಕಠಿನ ಚೀವರ ಎಂಬ ವಸ್ತ್ರ ಕೊಟ್ಟರೆ ಏನು ಫಲ, ಗ್ರಂಥ ಬರೆಸಿದರೆ ಏನು, ಹೊಸ ವರ್ಷಕ್ಕೆ ಮರಳಿನ ಸ್ತೂಪ ಕಟ್ಟಿದರೆ ಏನು ಎಂದು ಹೇಳುವಂಥವು. ನಮ್ಮ ವ್ರತಕಥೆಗಳ ಕೊನೆಯ ಫಲಶ್ರುತಿಯನ್ನೇ ಬೇರೆ ಪುಸ್ತಕ ಮಾಡಿದ ಹಾಗೆ. ಕಲ್ಪಗಟ್ಟಲೆ ಸ್ವರ್ಗಸುಖ ಎಂಬ ಉತ್ಪ್ರೇಕ್ಷೆ ಇದೆ, ಒಪ್ಪುತ್ತೇನೆ. ಆದರೆ ಮರಳಿನ ಸ್ತೂಪಕ್ಕೆ ಬೇಕಾದ್ದು ಹೊಳೆಯ ಮರಳು ಮತ್ತು ಎರಡು ಕೈ. ಸುಲಿಯಲೆಂದೇ ಕೂತವರು ಇಷ್ಟು ಅಗ್ಗದ ಪುಣ್ಯವನ್ನು ಪಟ್ಟಿಗೆ ಸೇರಿಸುತ್ತಿದ್ದರೇ?

ನರಕ ಇಲ್ಲವೆಂದಲ್ಲ. ಫ್ರಾ ಮಾಲೈ ಎಂಬ ಅರ್ಹಂತನ, ಅಂದರೆ ಮುಕ್ತಿ ಪಡೆದ ಭಿಕ್ಷುವಿನ, ಕಥೆಯಲ್ಲಿ ಅವನು ನರಕಕ್ಕೆ ಇಳಿದಾಗ ಅಲ್ಲಿಯವರು ಬೇಡುವುದು, ‘ನಮ್ಮವರಿಗೆ ತಿಳಿಸಿ, ನಮ್ಮ ಹೆಸರಲ್ಲಿ ಪುಣ್ಯ ಮಾಡಲಿ’ ಎಂದು. ಆಮೇಲೆ ಬಡವನೊಬ್ಬ ಕೊಟ್ಟ ಎಂಟು ತಾವರೆಗಳನ್ನು ಹಿಡಿದು ಸ್ವರ್ಗದ ಚೂಳಾಮಣಿ ಚೈತ್ಯಕ್ಕೆ ಹೋಗುತ್ತಾನೆ, ಮುಂದೆ ಬುದ್ಧನಾಗುವ ಮೈತ್ರೇಯನನ್ನು ಕಾಣುತ್ತಾನೆ. ‘ನನ್ನ ಕಾಲದಲ್ಲಿ ಹುಟ್ಟಬೇಕೆನ್ನುವವರು ವೆಸ್ಸಂತರ ಜಾತಕವನ್ನು ಒಂದೇ ದಿನದಲ್ಲಿ ಪೂರ್ತಿ ಕೇಳಲಿ’ ಎನ್ನುತ್ತಾನೆ ಮೈತ್ರೇಯ. ಬುದ್ಧ ಹಿಂದಿನ ಜನ್ಮದಲ್ಲಿ ವೆಸ್ಸಂತರನೆಂಬ ದಾನಿ ರಾಜಕುಮಾರನಾಗಿದ್ದ ಕಥೆ ಅದು. ಲಾವೋಸ್‌ನ ಬುನ್ ಫವೇತ್ ಹಬ್ಬದಲ್ಲಿ ಜನ ಕೂತು ಅದರ 13 ಕಾಂಡಗಳನ್ನೂ ಕೇಳುವುದು ಇದಕ್ಕೇ.

ಪ್ರೇತಗಳ ವರ್ಣನೆಯೂ ಬರೀ ಗುಮ್ಮನಲ್ಲ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ಸಂಯುತ್ತ ನಿಕಾಯದಲ್ಲಿ ಕೊಡದಂಥ ವೃಷಣಗಳ ಪ್ರೇತವೊಂದಿದೆ. ನಡೆಯುವಾಗ ಅವನ್ನು ಹೆಗಲಿಗೇರಿಸಿಕೊಳ್ಳಬೇಕು, ಕೂತರೆ ಅವುಗಳ ಮೇಲೇ ಕೂರಬೇಕು. ಹಿಂದೆ ರಾಜಗೃಹದಲ್ಲಿ ಮೋಸದ ತೀರ್ಪುಗಾರನಾಗಿದ್ದನಂತೆ. (ಈ ಚಿತ್ರ ಬರೆಸಿ ನಮ್ಮ ಕೆಲವು ಕಚೇರಿಗಳ ಗೋಡೆಗೆ ತೂಗಿಸಬಹುದು.)

ಲಾವೋ ಪಂಚಾಂಗದ ಒಂಬತ್ತನೇ ತಿಂಗಳ ಕೃಷ್ಣಪಕ್ಷದ ಕೊನೆಗೆ, ಸಾಮಾನ್ಯವಾಗಿ ನಮ್ಮ ಶ್ರಾವಣದ ಅಮಾವಾಸ್ಯೆಯ ಹೊತ್ತಿಗೆ, ಸತ್ತವರಿಗೆ ಎಡೆ ಇಡುವ ‘ಖಾವ್ ಪದಪ್ ದಿನ್’ ಹಬ್ಬ ಬರುತ್ತದೆ. ಬೆಳಕು ಹರಿಯುವ ಮೊದಲೇ ಬಾಳೆಲೆಯಲ್ಲಿ ಅಂಟಕ್ಕಿ ಅನ್ನ, ಹಣ್ಣು, ವೀಳ್ಯ ಕಟ್ಟಿ ವಿಹಾರದ ಸುತ್ತ, ಮರದ ಬುಡದಲ್ಲಿ ನೆಲದ ಮೇಲೆ ಇಟ್ಟು ಬರುತ್ತಾರೆ. ಹೆಸರಿಟ್ಟು ಕರೆಯಲು ಯಾರೂ ಉಳಿದಿರದ ಪ್ರೇತಕ್ಕೂ ಅದರಲ್ಲಿ ಪಾಲು. ಹದಿನೈದು ದಿನಕ್ಕೆ ‘ಖಾವ್ ಸಲಾಕ್’: ಸತ್ತವರ ಹೆಸರಲ್ಲಿ ತಂದ ದಾನ ಯಾವ ಭಿಕ್ಷುವಿಗೆ ಹೋಗಬೇಕೆಂದು ಚೀಟಿ ಎತ್ತುತ್ತಾರೆ. ಅದು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಪಿತೃಪಕ್ಷ ಶುರು. ಮಹಾಲಯಕ್ಕೆ ಎಡೆ ಇಡುವ ನಾವು ಇದನ್ನು ‘ಬೆದರಿಕೆ’ ಎನ್ನುವುದು ಹೇಗೆ?

ಇನ್ನು ಓಲೆಯ ವಿಷಯ. ಕಂಟವೆಂಬ ಚೂಪು ಮೊನೆಯ ಲೇಖನಿಯಿಂದ ಕೊರೆದು, ಎಣ್ಣೆ ಬೆರೆಸಿದ ಮಸಿ ತಿಕ್ಕಿ, ಒರೆಸಿ ತೆಗೆಯುವುದು ಅಲ್ಲೂ ಇದೆ. ಕೊನೆಯ ಗರಿಯಲ್ಲಿ ಬರೆದವರ, ಬರೆಸಿದವರ ಹೆಸರು, ಈ ಪುಣ್ಯ ತಂದೆತಾಯಿಗೆ ಮುಟ್ಟಲಿ ಎಂಬ ಕೋರಿಕೆ, ‘ನಿಬ್ಬಾನ ಪಚ್ಚಯೋ ಹೋತು’ (ಇದು ನಿರ್ವಾಣಕ್ಕೆ ಕಾರಣವಾಗಲಿ) ಎಂಬ ಪಾಲಿ ಸಾಲು ಬರುತ್ತವೆ. ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ ಎಂದವರೂ ಉಂಟು. ನಮ್ಮ ಲಿಪಿಕಾರರೂ ಬೆನ್ನು, ಸೊಂಟ, ಕತ್ತು ಮುರಿಯಿತೆಂದು ಗೋಳಾಡಿ, ‘ಕಷ್ಟಪಟ್ಟು ಬರೆದಿದ್ದೇನೆ, ಜೋಪಾನ’ ಎಂದವರೇ. ಅತ್ತಿಮಬ್ಬೆ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದನ್ನು ಶಾಸ್ತ್ರದಾನ ಎಂದು ಕೊಂಡಾಡುತ್ತೇವೆ. ಮೆಕಾಂಗ್ ದಡದ ಹೆಣ್ಣುಮಗಳು ಅದನ್ನೇ ಮಾಡಿಸಿದರೆ ಮೂಢನಂಬಿಕೆಯೇ?

1992ರಿಂದ 2004ರವರೆಗೆ ಜರ್ಮನಿಯ ನೆರವಿನಿಂದ ಲಾವೋಸ್‌ನ ವಿಹಾರಗಳ ಹಸ್ತಪ್ರತಿಗಳನ್ನು ಪಟ್ಟಿ ಮಾಡಿ ಕಾಪಾಡಿದರು. 12,000ಕ್ಕೂ ಹೆಚ್ಚು ಗ್ರಂಥಗಳ ಚಿತ್ರಗಳು 2009ರಿಂದ ಅಂತರ್ಜಾಲದಲ್ಲಿ ಉಚಿತವಾಗಿವೆ. ಲೇಖಕರು ಒಮ್ಮೆ ನೋಡಲಿ. ಹಾಗೆಯೇ, ಬರಹದ ಜೊತೆಗಿದ್ದ ಫೋಟೊದ ಅಡಿಬರಹದಲ್ಲಿ ‘ಮಂತ್ರತಂತ್ರದ ಓಲೆಗಳು’ ಎಂದಿದೆ. ಚಿತ್ರದಲ್ಲಿ ಓದಲು ಬರುವ ಗರಿಯಲ್ಲಿ ವೆಸ್ಸಂತರನ ಹೆಸರಿದೆ. ಅದನ್ನಾದರೂ ತಿದ್ದಿ ಪ್ರಕಟಿಸಿ.

— ನಿವೃತ್ತ ಹಸ್ತಪ್ರತಿ ಸಹಾಯಕಿ, ಮೈಸೂರು