ಮದುವೆ ಕೆಲಸದ ನೆನಪು ಇಬ್ಬರ ತಲೆಯಲ್ಲೂ ಇರಲಿ

ಮಾನ್ಯ ಸಂಪಾದಕರೇ,

ಕಳೆದ ವಾರದ ನಿಮ್ಮ ಪುರವಣಿಯಲ್ಲಿ ಮದುವೆ ತಯಾರಿಯ ಬಗ್ಗೆ ಒಂದು ಪೂರ್ತಿ ಪುಟ ಬಂದಿತ್ತು. ಉಪಯೋಗಕ್ಕೆ ಬರುವ ಮಾತುಗಳು ಬೇಕಾದಷ್ಟಿದ್ದವು. ಆದರೆ ಅಷ್ಟನ್ನೂ ಮದುಮಗಳಿಗೇ ಹೇಳಿದ ಹಾಗಿತ್ತು. ಇದನ್ನು ಮರೆಯಬೇಡಿ, ಅವರಿಗೆ ಎರಡು ಸಲ ಫೋನ್ ಮಾಡಿ, ಇದನ್ನು ಬರೆದಿಟ್ಟುಕೊಳ್ಳಿ, ಎಲ್ಲವೂ ಅವಳಿಗೆ. ಮದುಮಗನ ಮಾತು ಬಂದದ್ದು ಒಂದೇ ಕಡೆ. ಅವನ ಬಟ್ಟೆಯ ಬಣ್ಣ ಅವಳದಕ್ಕೆ ಹೊಂದಬೇಕು ಅನ್ನುವಲ್ಲಿ.

ನನಗೆ ಮದುವೆಯಾಗಿ 5 ತಿಂಗಳಾಯಿತು. ಆ ಪುಟ ಓದಿ ಮನಸ್ಸು ಚುರುಕ್ ಅಂದಿತು. ಯಾಕಂದರೆ ನಮ್ಮ ಮದುವೆಯ ತಯಾರಿಯೂ ಮೊದಲ ಎರಡು ತಿಂಗಳು ಹೀಗೇ ನಡೆದಿತ್ತು. ಹಾಗೆ ನಡೆಯುತ್ತಿದೆ ಅನ್ನುವುದು ನನಗೆ ಗೊತ್ತೇ ಇರಲಿಲ್ಲ.

ನಾನು ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ನಮ್ಮ ಮದುವೆಯನ್ನು ನಾವೇ ಯೋಚಿಸಿ, ನಾವೇ ದುಡಿದ ದುಡ್ಡಿನಲ್ಲಿ ಮಾಡೋಣ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಕೇಳಿದವರಿಗೆಲ್ಲ ನಾನು ಖುಷಿಯಿಂದ ಹೇಳುತ್ತಿದ್ದೆ, ‘ನಾವಿಬ್ಬರೂ ಸೇರಿ ಮಾಡ್ತಾ ಇದೀವಿ’ ಅಂತ. ಅವಳು ಒಮ್ಮೆಯೂ ಅಲ್ಲ ಅನ್ನಲಿಲ್ಲ.

ಮದುವೆಗೆ ಇನ್ನು 9 ವಾರ ಇದೆ ಅನ್ನುವಾಗ ಒಂದು ಭಾನುವಾರ ಸಂಜೆ ಅವಳು ಎರಡು ಚೀಟಿ ಹರಿದು ಒಂದನ್ನು ನನ್ನ ಕೈಗೆ ಕೊಟ್ಟಳು. ‘ಇಲ್ಲಿವರೆಗೆ ಆಗಿರೋ ಕೆಲಸದಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು ಅನ್ಸುತ್ತೆ, ಬರಿ. ನಾನೂ ನನ್ನದು ಬರೀತೀನಿ.’ ನಾನು 50 ಅಂತ ಬರೆದೆ. ಅವಳ ಚೀಟಿಯಲ್ಲಿ 80 ಇತ್ತು. ಕೂಡಿದರೆ 130. ಯಾರದೋ ಲೆಕ್ಕ ತಪ್ಪಿದೆ, ಅಲ್ವಾ? ಆಮೇಲೆ ಇಬ್ಬರೂ ಮಾಡಿದ ಕೆಲಸಗಳನ್ನು ಒಂದೊಂದಾಗಿ ಬರೆಯುತ್ತಾ ಹೋದೆವು. ನನ್ನದು 11ಕ್ಕೆ ನಿಂತಿತು. ಅವಳದು 64 ಆದರೂ ಪೆನ್ನು ಕೆಳಗಿಡಲಿಲ್ಲ.

ನನ್ನ ಪಟ್ಟಿಯಲ್ಲಿ ‘ಹಾಲ್ ನೋಡಿದ್ದು’ ಅಂತ ಒಂದು ಸಾಲು. ಅವಳ ಪಟ್ಟಿಯಲ್ಲಿ ಅದೇ ಕೆಲಸಕ್ಕೆ ಒಂಬತ್ತು ಸಾಲು. ಯಾವ ಹಾಲ್ ಯಾವ ದಿನ ಖಾಲಿ ಇದೆ ಅಂತ ಏಳು ಕಡೆ ಕೇಳಿದ್ದು. ಕರೆಂಟು ಹೋದರೆ ಜನರೇಟರ್ ಎಷ್ಟು ಹೊತ್ತು ನಡೆಯುತ್ತೆ ಅಂತ ವಿಚಾರಿಸಿದ್ದು. ಶೌಚಾಲಯಕ್ಕೆ ಎಷ್ಟು ಮೆಟ್ಟಿಲು ಅಂತ ಎಣಿಸಿದ್ದು. ನನಗೆ ರಾತ್ರಿ ಪಾಳಿ ಇಲ್ಲದ ದಿನ ನೋಡಿ, ನಾನು ಬರುವ ಹಾಗೆ ಸಮಯ ಹೊಂದಿಸಿದ್ದು. ನಾನು ಬಂದು ನೋಡಿದೆ, ಚೆನ್ನಾಗಿದೆ ಅಂದೆ. ಅದು ನನ್ನ ಲೆಕ್ಕದಲ್ಲಿ ಅರ್ಧ ಕೆಲಸವಾಗಿತ್ತು.

ಆ ಚೀಟಿಯ ಪರೀಕ್ಷೆ ಅವಳೇ ಹುಟ್ಟಿಸಿದ್ದಲ್ಲ. ಟೀಚರ್ ಟ್ರೈನಿಂಗ್‌ನಲ್ಲಿ ಮನೋವಿಜ್ಞಾನ ಓದುವಾಗ ನೆನಪಿನಲ್ಲಿ ಉಳಿದದ್ದು. ಕೆನಡಾದ ಮೈಕಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಮನೆಯ ಒಂದೊಂದು ಕೆಲಸದಲ್ಲಿ ನಿಮ್ಮ ಪಾಲೆಷ್ಟು ಅಂತ ಕೇಳಿದರು. ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಪಾಲೂ ಕೂಡಿದರೆ ನೂರನ್ನು ದಾಟುತ್ತಿತ್ತು. ಹೆಚ್ಚುಗಾರಿಕೆಗೆ ಹಾಗೆ ಹೇಳಿದರು ಅನ್ನಲೂ ಆಗುವುದಿಲ್ಲ. ಜಗಳಕ್ಕೆ ಕಾರಣ ಯಾರು ಅಂತ ಕೇಳಿದಾಗಲೂ ಜನ ತಮ್ಮ ಪಾಲನ್ನು ಜಾಸ್ತಿಯೇ ಹೇಳಿದ್ದರು. ನಾವು ಮಾಡಿದ್ದು ನಮಗೆ ಬೇಗ ನೆನಪಿಗೆ ಬರುತ್ತದೆ. ಇನ್ನೊಬ್ಬರು ಮಾಡಿದ್ದರಲ್ಲಿ ನಮ್ಮ ಕಣ್ಣಿಗೆ ಬಿದ್ದಷ್ಟೇ ನೆನಪಿಗೆ ಬರುತ್ತದೆ.

ಈ ಮಾತನ್ನು ಅವಳು ನನಗೆ ಸಮಾಧಾನ ಆಗಲಿ ಅಂತಲೇ ಹೇಳಿದಳು. ನನಗೆ ಸಮಾಧಾನ ಆಗಲಿಲ್ಲ. ‘ಏನ್ ಮಾಡ್ಬೇಕು ಹೇಳು, ಎಲ್ಲಾ ಮಾಡ್ತೀನಿ’ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದು, ‘ಹೇಳೋದೇ ಒಂದು ಕೆಲಸ ಕಣೋ’ ಅಂದಳು.

ನನ್ನ ವಯಸ್ಸಿನ ಹುಡುಗರು ಈ ಮಾತನ್ನು ಓದಲಿ ಅಂತಲೇ ಈ ಪತ್ರ ಬರೆಯುತ್ತಿದ್ದೇನೆ. ಹೇಳಿದ್ದನ್ನು ಮಾಡುವವರು ನಾವು ಕೆಟ್ಟವರೇನಲ್ಲ. ಆದರೆ ಏನು ಬಾಕಿ ಇದೆ, ಯಾರು ಇನ್ನೂ ಉತ್ತರ ಕೊಟ್ಟಿಲ್ಲ, ನಾಳೆ ಯಾರಿಗೆ ನೆನಪಿಸಬೇಕು ಅನ್ನುವುದೆಲ್ಲ ಒಬ್ಬರ ತಲೆಯಲ್ಲೇ ಕೂತಿದ್ದರೆ, ಆ ಒಬ್ಬರಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಅವಳಿಗೆ ಬರುತ್ತಿರಲಿಲ್ಲ. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೆ.

ಸುತ್ತಲಿನವರೂ ನಮ್ಮನ್ನು ಹೀಗೇ ಹಂಚಿಬಿಟ್ಟಿದ್ದರು. ಹೂವಿನ ಬಣ್ಣ, ಕುರ್ಚಿಯ ಬಟ್ಟೆ, ಯಾರು ಎಲ್ಲಿ ಉಳಿದುಕೊಳ್ಳುತ್ತಾರೆ ಅನ್ನುವ ಫೋನೆಲ್ಲ ಅವಳಿಗೆ. ದುಡ್ಡಿನ ಫೋನು ನನಗೆ. ಲೆಕ್ಕ ಬರೆಯುತ್ತಿದ್ದವಳು ಅವಳು. ಆದರೂ ಹಾಲಿನ ಮ್ಯಾನೇಜರ್ ಅವಳ ಹತ್ತಿರ ಬಾಕಿಯ ಮಾತೇ ಎತ್ತುತ್ತಿರಲಿಲ್ಲ. ‘ಸರ್ ಹತ್ರ ಮಾತಾಡ್ತೀನಿ ಮೇಡಂ’ ಅಂತ ಫೋನ್ ಇಟ್ಟುಬಿಡುತ್ತಿದ್ದರು. ಎರಡನೇ ಕಂತು ಕೊಡಬೇಕಾದ ದಿನವನ್ನು ನನಗೆ ಹೇಳಿದ್ದರು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದೆ, ಹೂಂ ಅಂದು ಮತ್ತೆ ಮಲಗಿದೆ. ಅವಳಿಗೆ ಹೇಳುವುದು ಮರೆತೇಹೋಯಿತು. ಆ ದಿನ ದಾಟಿತು. ನಾಲ್ಕು ದಿನ ಬಿಟ್ಟು ನೋಡಿದರೆ, ನಮ್ಮ ದಿನಕ್ಕೆ ಬೇರೆಯವರು ಬಂದು ಹಾಲ್ ಕೇಳಿ ಹೋಗಿದ್ದರು. ಹೋಗಿ ಕೂತು ಮಾತಾಡಿ ಉಳಿಸಿಕೊಂಡವಳು ಅವಳೇ. ನಾನು ಪಾಳಿಯಲ್ಲಿದ್ದೆ.

ಕಾರ್ಖಾನೆಯಲ್ಲಿ ಇಂಥದ್ದು ನಡೆಯಲು ನಾವು ಬಿಡುವುದಿಲ್ಲ. ಪಾಳಿ ಬದಲಾಗುವಾಗ ಹ್ಯಾಂಡೋವರ್ ಪುಸ್ತಕ ಇರುತ್ತದೆ. ಯಾವ ಮಷೀನು ಸದ್ದು ಮಾಡುತ್ತಿದೆ, ಯಾವ ವಾಲ್ವ್ ಅರ್ಧ ತೆರೆದಿದೆ, ಎಲ್ಲವನ್ನೂ ಹೋಗುವವನು ಬರೆಯಬೇಕು. ಬಂದವನು ಓದಿ ಸಹಿ ಹಾಕುವ ತನಕ ಹೋಗುವವನು ಗೇಟು ದಾಟುವ ಹಾಗಿಲ್ಲ. ಕೆಲಸ ಬಾರದ್ದಕ್ಕೆ ಆಗುವ ಅನಾಹುತಕ್ಕಿಂತ, ಒಬ್ಬನಿಗೆ ಗೊತ್ತಿದ್ದದ್ದು ಇನ್ನೊಬ್ಬನಿಗೆ ಗೊತ್ತಿಲ್ಲದ್ದಕ್ಕೆ ಆಗುವುದನ್ನೇ ನಾನು ಜಾಸ್ತಿ ನೋಡಿದ್ದೇನೆ. ಹತ್ತು ವರ್ಷದಿಂದ ಈ ಪುಸ್ತಕ ಬರೆಯುತ್ತಿರುವ ನನಗೆ, ನನ್ನ ಮದುವೆಗೂ ಒಂದು ಬೇಕು ಅಂತ ಹೊಳೆಯಲು ಅವಳ 64 ಸಾಲು ಬೇಕಾಯಿತು.

ಮರುದಿನವೇ ಒಂದು ದಪ್ಪ ನೋಟ್‌ಬುಕ್ ತಂದೆ. ಕೆಲಸ ಏನು, ಯಾರ ಹತ್ತಿರ ಮಾತಾಡಿದ್ದು, ಅವರು ಏನು ಒಪ್ಪಿಕೊಂಡರು, ಮುಂದೇನು, ಯಾವತ್ತು. ವಾರಕ್ಕೊಮ್ಮೆ ಕೂತು ಇಬ್ಬರೂ ಪೂರ್ತಿ ಓದಿ ಸಹಿ ಹಾಕುವುದು. ಒಂದು ಕೆಲಸ ತೆಗೆದುಕೊಂಡವರು ಅದರ ನೆನಪನ್ನೂ ತೆಗೆದುಕೊಳ್ಳಬೇಕು, ಇನ್ನೊಬ್ಬರು ನೆನಪಿಸುವ ಹಾಗಿಲ್ಲ. ದೂರದಿಂದ ಬರುವವರನ್ನು ಕರೆತಂದು, ಉಳಿಸಿ, ವಾಪಸ್ ಕಳಿಸುವುದನ್ನು ಪೂರ್ತಿ ನಾನು ತೆಗೆದುಕೊಂಡೆ. ಮೊದಲ ವಾರ ಕಷ್ಟವಾಯಿತು. ‘ಯಾವ ಅತ್ತೆಗೆ ಮಂಡಿ ನೋವು ಅಂದಿದ್ದೆ?’ ಅಂತ ಅವಳನ್ನು ಕೇಳಲು ಫೋನ್ ಎತ್ತಿಕೊಂಡು ಮತ್ತೆ ಕೆಳಗಿಟ್ಟಿದ್ದೇನೆ. ಆ ಅತ್ತೆಗೇ ಫೋನ್ ಮಾಡಿ ಕೇಳಿದೆ. ಅವರು ಅರ್ಧ ಗಂಟೆ ಮಾತಾಡಿದರು. ಮದುವೆಗೆ ಮುಂಚೆಯೇ ಅವರು ನನಗೂ ಅತ್ತೆಯಾದರು.

ಕೆಲಸ ಮಾಡಿಕೊಡುವವರಿಗೆಲ್ಲ ಇಬ್ಬರ ನಂಬರನ್ನೂ ಕೊಟ್ಟೆವು. ದುಡ್ಡಿನ ಮಾತು ಅವಳಿಗೆ ಹೇಳಿ, ಹೂವಿನ ಮಾತು ನನಗೆ ಹೇಳಿದರೂ ನಡೆಯುತ್ತೆ ಅಂದೆವು. ಮ್ಯಾನೇಜರ್‌ಗೆ ಇದು ರೂಢಿಯಾಗಲು ಮೂರು ವಾರ ಹಿಡಿಯಿತು.

ಇಬ್ಬರಿಗೂ ಎಲ್ಲ ಗೊತ್ತಿದ್ದರೆ ಏನು ಲಾಭ ಅಂತ ಕೇಳಬಹುದು. ವೇದಿಕೆಯ ವಿಷಯ ಹೇಳುತ್ತೇನೆ. ಅವಳ ಅಜ್ಜಿ ವೀಲ್‌ಚೇರ್‌ನಲ್ಲಿದ್ದಾರೆ. ವೇದಿಕೆಯ ಮೇಲೆ ಬಂದು ಮೊಮ್ಮಗಳ ಪಕ್ಕ ಕೂರಬೇಕು ಅನ್ನುವುದು ಅವರ ಆಸೆ. ಅಜ್ಜಿಗೆ ರ್‍ಯಾಂಪ್ ಬೇಕು ಅಂತ ಅವಳು ಬರೆದಿದ್ದಳು. ಇದೆ, 8 ಅಡಿಯ ಹಲಗೆ ಹಾಕುತ್ತೇವೆ ಅಂತ ಹಾಲಿನವರು ಹೇಳಿದ್ದನ್ನೂ ಬರೆದಿದ್ದಳು. ಪುಸ್ತಕ ಓದುವಾಗ ನನ್ನ ಕಣ್ಣು ಅಲ್ಲಿ ನಿಂತಿತು. ವೇದಿಕೆಯ ಎತ್ತರ 3 ಅಡಿ. ವೀಲ್‌ಚೇರ್ ಸುಲಭವಾಗಿ ಏರಲು 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಇದು ಬಹಳ ಕಡೆ ಬಳಸುವ ಅಳತೆ. ಅಂದರೆ 36 ಅಡಿ. 8 ಅಡಿಯ ಹಲಗೆಯ ಮೇಲೆ ಅಜ್ಜಿಯನ್ನು ನಾಲ್ಕು ಜನ ಹಿಡಿದು ತಳ್ಳಬೇಕಾಗುತ್ತಿತ್ತು. ಇಳಿಯುವಾಗ ಇನ್ನೂ ಅಪಾಯ. 36 ಅಡಿ ಹಲಗೆಗೆ ಹಾಲಿನಲ್ಲಿ ಜಾಗವಿರಲಿಲ್ಲ. ಇಬ್ಬರೂ ಬಹಳ ಹೊತ್ತು ಯೋಚಿಸಿದೆವು. ಕೊನೆಗೆ ಅವಳು, ‘ವೇದಿಕೆ ಅಷ್ಟು ಎತ್ತರ ಯಾಕಿರಬೇಕು?’ ಅಂದಳು. ಅದನ್ನು ಬಿಟ್ಟು, ಕೆಳಗೇ ಅರ್ಧ ಅಡಿ ಎತ್ತರದ ಮಣೆ ಹಲಗೆಗಳನ್ನು ಜೋಡಿಸಿಕೊಂಡೆವು. ಅರ್ಧ ಅಡಿಗೆ 6 ಅಡಿ ಉದ್ದ ಸಾಕು. ಅವರ ಅದೇ 8 ಅಡಿಯ ಹಲಗೆ ಸರಿಹೋಯಿತು. ಅಜ್ಜಿ ತಾವೇ ಚಕ್ರ ತಿರುಗಿಸಿಕೊಂಡು ಬಂದರು. ಅವತ್ತಿನ ಫೋಟೋಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಅದು.

ಸ್ಪೀಕರ್ ಎಲ್ಲಿಡಬೇಕು ಅನ್ನುವುದರಲ್ಲೂ ಹೀಗೇ ಆಯಿತು. ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಸದ್ದಿನ ಬೋರ್ಡ್ ಇದೆ. 85 ಡೆಸಿಬಲ್ ಇದ್ದರೆ 8 ಗಂಟೆ ಇರಬಹುದು, 3 ಡೆಸಿಬಲ್ ಏರಿದಂತೆಲ್ಲ ಸಮಯ ಅರ್ಧ. 100ಕ್ಕೆ ಬಂದರೆ 15 ನಿಮಿಷ ಅಷ್ಟೇ. ಅವಳು ಮಕ್ಕಳ ಸಾಲನ್ನು ಗುರುತು ಮಾಡಿದ್ದು ಸ್ಪೀಕರ್ ಪಕ್ಕದಲ್ಲೇ. ಪುಸ್ತಕದಲ್ಲಿ ನೋಡಿದ್ದಕ್ಕೆ ಗೊತ್ತಾಯಿತು, ಬದಲಾಯಿಸಿದೆವು.

ಸಮಯದ ಲೆಕ್ಕದಲ್ಲಿ ಮಾತ್ರ ಇಬ್ಬರೂ ತಪ್ಪಿದೆವು. ಕರೆಯೋಲೆ ಬರೆದು ಮುಗಿಸಲು ಒಂದು ವಾರ ಸಾಕು ಅಂದುಕೊಂಡಿದ್ದೆವು, ಎರಡೂವರೆ ವಾರ ಹಿಡಿಯಿತು. ಅದೇ ಮೈಕಲ್ ರಾಸ್ ಇದನ್ನೂ ಸಂಗಡಿಗರ ಜೊತೆ ಅಧ್ಯಯನ ಮಾಡಿ 1994ರಲ್ಲಿ ಬರೆದಿದ್ದಾರೆ. ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕು ಅಂದ ವಿದ್ಯಾರ್ಥಿಗಳಿಗೆ ಬೇಕಾದದ್ದು ಸುಮಾರು 55 ದಿನ. ಆಮೇಲೆ ನಾವು ಪುಸ್ತಕದಲ್ಲಿ ಏನು ಬರೆದರೂ ಅದರ ಮೇಲೆ ಅರ್ಧದಷ್ಟು ದಿನ ಸೇರಿಸಿದೆವು.

ಹಿರಿಯರ ವಿಷಯ ಬರೆಯದೆ ಇದ್ದರೆ ತಪ್ಪಾಗುತ್ತದೆ. ಎಲ್ಲವನ್ನೂ ನಾವೇ ಮಾಡುತ್ತೇವೆ ಅಂದಾಗ ನನ್ನ ಅಮ್ಮನಿಗೆ ನೋವಾಯಿತು. ‘ನಮ್ಮನ್ನ ಬರೀ ಅತಿಥಿ ಮಾಡಿಬಿಟ್ರಿ’ ಅಂದರು. ಅಮ್ಮ ಹೇಳಿದ್ದು ನಿಜ. ಪುಸ್ತಕವನ್ನು ನನ್ನ ಅಮ್ಮನಿಗೂ ಅವಳ ಅಮ್ಮನಿಗೂ ಕೊಟ್ಟೆವು. ಅವರಿಬ್ಬರೂ ಕೂತು ಬರೆದದ್ದು ನಮಗೆ ಯಾವತ್ತೂ ಹೊಳೆಯದ ಸಂಗತಿಗಳು. ಯಾರಿಗೆ ಮೆಸೇಜ್ ಕಳಿಸಿದರೆ ಸಾಲದು, ಬಾಯಲ್ಲೇ ಹೇಳಬೇಕು. ಯಾರು ಒಬ್ಬರೇ ಬರಲಾರರು. ಯಾರು ಯಾರ ಪಕ್ಕ ಕೂತರೆ ಕಣ್ಣೀರು ಹಾಕುತ್ತಾರೆ. ಖರ್ಚು ಕಡಿಮೆ ಮಾಡಲು ಜನರನ್ನು ಬಿಡಬೇಕೋ ಅಲಂಕಾರ ಬಿಡಬೇಕೋ ಅನ್ನುವ ಪ್ರಶ್ನೆ ಬಂದಾಗ ನಾಲ್ವರೂ ಒಟ್ಟಿಗೆ ಹೇಳಿದ್ದು ಅಲಂಕಾರ ಬಿಡೋಣ ಅಂತ.

ಅಪ್ಪನ ಸ್ನೇಹಿತರೊಬ್ಬರು ಮಾತ್ರ, ‘ಹುಡುಗಿ ಒಪ್ಪಿದ್ದಾಳೆ, ಹುಡುಗ ಒಪ್ಪಿದ್ದಾನೆ, ಅಷ್ಟು ಸಾಲದೇ?’ ಅಂದರು. ನನ್ನ ಹೆಂಡತಿ ಪಾಠ ಮಾಡುವ ಕೋಣೆಯ ಗೋಡೆಯ ಮೇಲೆ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಇದೆ. ಅದರ 16ನೇ ವಿಧಿಯಲ್ಲಿ ಇಬ್ಬರ ಒಪ್ಪಿಗೆಯ ಮಾತೂ ಇದೆ, ಅದಕ್ಕಿಂತ ಮೊದಲು ಇಬ್ಬರಿಗೂ ಸಮಾನ ಹಕ್ಕು ಅನ್ನುವ ಮಾತೂ ಇದೆ. ಮದುವೆಯಾಗುವಾಗ, ಮದುವೆಯಲ್ಲಿ ಇರುವಾಗ, ಅದು ಮುರಿಯುವಾಗಲೂ. ಅವಳು ಅವರಿಗೆ ಮೆಲ್ಲಗೆ ಹೇಳಿದಳು, ‘ಒಪ್ಪಿಗೆ ಒಂದು ದಿನ ಕೊಟ್ಟು ಮುಗಿಯುತ್ತೆ ಅಂಕಲ್. ಆಮೇಲಿನ ಕೆಲಸ ಇಬ್ಬರದೂ ಅಲ್ವಾ?’

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಮದುವೆ ತಯಾರಿಯ ಪುಟ ಮಾಡುವಾಗ ಅದನ್ನು ಇಬ್ಬರಿಗೂ ಬರೆಯಿರಿ. ‘ಮದುಮಗಳೇ, ಮರೆಯಬೇಡಿ’ ಅನ್ನುವ ಕಡೆಯಲ್ಲೆಲ್ಲ ಮದುಮಗನನ್ನೂ ಸೇರಿಸಿ. ಓದುವ ಹುಡುಗರು ಇದ್ದೇವೆ. ನಮ್ಮ ನೋಟ್‌ಬುಕ್ಕಿನ ಹಾಳೆಗಳು ಬೇಕಿದ್ದರೆ ಕಳಿಸಿಕೊಡುತ್ತೇವೆ. ಈ ಪತ್ರವನ್ನು ಅವಳೂ ಓದಿದ್ದಾಳೆ. ಏಳು ಸಾಲು ಅಂತ ನಾನು ಬರೆದಿದ್ದ ಒಂದು ಕಡೆ ಒಂಬತ್ತು ಅಂತ ತಿದ್ದಿದ್ದಾಳೆ. ಪತ್ರದ ಜೊತೆ ಇಬ್ಬರ ನಂಬರೂ ಇದೆ.

ಇಂತಿ,
ನಿಮ್ಮ ಓದುಗ