ಬ್ಲೂಟೂತ್ ಕೆಟ್ಟಿಲ್ಲ, ಕರ್ನಲ್‌ಗೆ ಫರ್ಮ್‌ವೇರ್ ಸಿಕ್ಕಿಲ್ಲ

ಮಾನ್ಯ ಸಂಪಾದಕರೇ,

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ಹಳೆಯ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಸಲಹೆ ಒಳ್ಳೆಯದೇ. ಆದರೆ ಹಾಕಿಕೊಂಡವರಲ್ಲಿ ಅನೇಕರು ಬ್ಲೂಟೂತ್ ಹತ್ತಿರ ಎಡವುತ್ತಾರೆ. ಯುಎಸ್‌ಬಿಗೆ ಚುಚ್ಚುವ ಬ್ಲೂಟೂತ್ ಡಾಂಗಲ್ ಹಾಳಾಗಿದೆ ಎಂದು ಎಸೆದು ಹೊಸದು ತರುತ್ತಾರೆ, ಅದೂ ಕೆಲಸ ಮಾಡುವುದಿಲ್ಲ. ಚೆನ್ನಾಗಿರುವ ವಸ್ತು ಹೀಗೆ ಕಸಕ್ಕೆ ಹೋಗುವುದನ್ನು ತಪ್ಪಿಸಬಹುದು, ಅದಕ್ಕಾಗಿ ಈ ಪತ್ರ.

ಉಬುಂಟು, ಮಿಂಟ್, ಫೆಡೋರಾದಂಥ ಸಿದ್ಧ ಲಿನಕ್ಸ್ ಬಳಸುವವರು ಅದರ ತಿರುಳಾದ ಕರ್ನಲ್‌ಗೆ ಕೈ ಹಾಕಬೇಕಾಗಿಲ್ಲ. ಸಾಧನಗಳನ್ನು ನಡೆಸಲು ಸಾಮಾನ್ಯವಾಗಿ ಬೇಕಾಗುವ ಡ್ರೈವರ್‌ಗಳೆಲ್ಲ ಅದರಲ್ಲಿ ಇದ್ದೇ ಇರುತ್ತವೆ. ಬ್ಲೂಟೂತ್ ಬಂದ್ ಆಗಿದೆಯೇ ಎಂದು ಟರ್ಮಿನಲ್‌ನಲ್ಲಿ ‘ಆರ್‌ಎಫ್‌ಕಿಲ್ ಲಿಸ್ಟ್’ (rfkill list) ಕೊಟ್ಟು ನೋಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಎಂದಿದ್ದರೆ ‘ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಬ್ಲೂಟೂತ್’ ಎಂದರೆ ಮುಗಿಯಿತು. ‘ಹಾರ್ಡ್ ಬ್ಲಾಕ್ಡ್’ ಆಗಿದ್ದರೆ ಯಾವ ಕಮಾಂಡಿಗೂ ಬಗ್ಗದು, ಲ್ಯಾಪ್‌ಟಾಪ್‌ನ ಸ್ವಿಚ್ಚನ್ನೋ ಬಯಾಸ್‌ನ ಆಯ್ಕೆಯನ್ನೋ ಬದಲಿಸಬೇಕು.

ನಿಜವಾದ ಪೇಚಾಟ ಕರ್ನಲ್ಲನ್ನು ಮೂಲ ಕೋಡಿನಿಂದ ತಾವೇ ಕಂಪೈಲ್ ಮಾಡುವವರದು, ಅದರಲ್ಲೂ ಪ್ರಾಜೆಕ್ಟ್‌ಗಾಗಿ ಮಾಡುವ ಇಂಜಿನಿಯರಿಂಗ್ ವಿದ್ಯಾರ್ಥಿಗಳದು. ಕರ್ನಲ್‌ನ ಆಯ್ಕೆಗಳ ಮೆನುವಾದ ‘ಮೇಕ್ ಮೆನುಕಾನ್ಫಿಗ್’ ತೆರೆದು ‘ನೆಟ್‌ವರ್ಕಿಂಗ್ ಸಪೋರ್ಟ್’ ಒಳಗಿನ ‘ಬ್ಲೂಟೂತ್ ಸಬ್‌ಸಿಸ್ಟಮ್ ಸಪೋರ್ಟ್’ಗೆ ಹೋಗಿ, ಕಂಡದ್ದಕ್ಕೆಲ್ಲ ನಕ್ಷತ್ರ ಚಿಹ್ನೆ ಹಾಕಿಬಿಡುತ್ತಾರೆ. ಬೇಕಾದಾಗ ಲೋಡ್ ಆಗುವ ಬಿಡಿ ಭಾಗಗಳಾದ ಮಾಡ್ಯೂಲ್‌ಗಳ ರಗಳೆಯೇ ಬೇಡ, ಎಲ್ಲವೂ ಕರ್ನಲ್ ಒಳಗೇ ಇರಲಿ ಎಂಬ ಲೆಕ್ಕ. ತಪ್ಪಾಗುವುದು ಇಲ್ಲಿಯೇ. ಇಂದಿನ ಬ್ಲೂಟೂತ್ ಚಿಪ್‌ಗಳಲ್ಲಿ ಬಹುಪಾಲಿಗೆ ಪ್ರತಿ ಸಲ ಆನ್ ಆದಾಗಲೂ ಡಿಸ್ಕಿನಿಂದ ಫರ್ಮ್‌ವೇರ್, ಅಂದರೆ ಚಿಪ್ ಒಳಗೆ ಓಡುವ ಪುಟ್ಟ ತಂತ್ರಾಂಶ, ತುಂಬಿಸಬೇಕು. ನಕ್ಷತ್ರ ಹಾಕಿದ ಡ್ರೈವರ್, ಡಿಸ್ಕಿನ ಮುಖ್ಯ ಭಾಗವಾದ ರೂಟ್ ಪಾರ್ಟಿಶನ್ ಮೌಂಟ್ ಆಗುವುದಕ್ಕೂ ಮೊದಲೇ ಎದ್ದು ಫರ್ಮ್‌ವೇರ್ ಕೇಳುತ್ತದೆ. ಫೈಲ್ ಇರುವ ಜಾಗವೇ ಇನ್ನೂ ತೆರೆದಿರುವುದಿಲ್ಲ.

ಕರ್ನಲ್‌ನ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ (dmesg) ಕಮಾಂಡ್ ಕೊಟ್ಟರೆ ಇದು ಕಣ್ಣಿಗೇ ಕಾಣುತ್ತದೆ. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್’ ಎಂದು ಶುರುವಾಗಿ ‘ಫೇಲ್ಡ್ ವಿತ್ ಎರರ್ -2’ ಎಂದು ಮುಗಿಯುವ ಸಾಲನ್ನು ಹುಡುಕಿ. -2 ಎಂದರೆ ಫೈಲ್ ಸಿಗಲಿಲ್ಲ ಎಂದಷ್ಟೇ ಅರ್ಥ. ಸಾಲಿನ ಎಡಗಡೆ ಚೌಕ ಆವರಣದಲ್ಲಿ ಸೆಕೆಂಡುಗಳಿರುತ್ತವೆ. ಆ ಸಂಖ್ಯೆ ‘ಮೌಂಟೆಡ್ ಫೈಲ್‌ಸಿಸ್ಟಮ್’ ಎಂಬ ಸಾಲಿನದಕ್ಕಿಂತ ಕಡಿಮೆಯಿದ್ದರೆ ಕಾರಣ ಸಿಕ್ಕಂತೆಯೇ. ಬ್ಲೂಟೂತ್ ಸಬ್‌ಸಿಸ್ಟಮ್‌ಗೇ ನಕ್ಷತ್ರದ ಬದಲು ಮಾಡ್ಯೂಲ್ ಎಂಬರ್ಥದ ‘ಎಂ’ ಕೊಡಿ. ಆಗ ಅದರಡಿಯ ಡ್ರೈವರ್‌ಗಳಿಗೆ ನಕ್ಷತ್ರ ಹಾಕಲು ಮೆನುವೇ ಬಿಡುವುದಿಲ್ಲ, ಅವು ಸಾಮಾನ್ಯವಾಗಿ ರೂಟ್ ಮೌಂಟ್ ಆದ ಮೇಲೆಯೇ ಲೋಡ್ ಆಗುತ್ತವೆ. ಫರ್ಮ್‌ವೇರನ್ನೂ ಕರ್ನಲ್ ಒಳಗೇ ಸೇರಿಸುವ ದಾರಿ ಇದೆ, ಆದರೆ ಫರ್ಮ್‌ವೇರ್ ಬದಲಾದಾಗಲೆಲ್ಲ ಮತ್ತೆ ಕಂಪೈಲ್ ಮಾಡಬೇಕಾಗುವುದರಿಂದ ಅದು ಬೇಡವೆಂದೇ ಹೇಳುತ್ತೇನೆ.

‘ಎಂ’ ಕೊಟ್ಟರೂ ಅದೇ -2 ಬಂದರೆ ಫರ್ಮ್‌ವೇರ್ ಫೋಲ್ಡರ್ ತೆರೆದು ಫೈಲಿನ ಹೆಸರಿನ ಬಾಲ ನೋಡಿ. ಈಗೀಗ ಫರ್ಮ್‌ವೇರನ್ನು ಎಕ್ಸ್‌ಝಡ್ ಅಥವಾ ಝಡ್‌ಸ್ಟ್ಯಾಂಡರ್ಡ್ ಕ್ರಮದಲ್ಲಿ ಕುಗ್ಗಿಸಿ ಇಟ್ಟಿರುತ್ತಾರೆ. ಫೈಲ್ ನಮ್ಮ ಕಣ್ಣೆದುರೇ ಇದ್ದರೂ, ಬಿಚ್ಚುವ ಆಯ್ಕೆ ಇಲ್ಲದ ಕರ್ನಲ್ ಪಾಲಿಗೆ ಅದು ಇಲ್ಲ. ಫರ್ಮ್‌ವೇರ್ ಲೋಡರ್‌ನ ಮೆನುವಿನಲ್ಲಿ ಕಂಪ್ರೆಸ್ಡ್ ಫರ್ಮ್‌ವೇರ್ ಬೆಂಬಲವನ್ನು ಆನ್ ಮಾಡಬೇಕು. ಎಕ್ಸ್‌ಝಡ್ ಬೆಂಬಲ 5.3ನೇ ಕರ್ನಲ್‌ನಿಂದ, ಝಡ್‌ಸ್ಟ್ಯಾಂಡರ್ಡ್ 5.19ರಿಂದ ಇದೆ.

ಇನ್ನೊಂದು ಮೋಸ ಮೌಸಿನದು. ಪೇರ್ ಆಗುತ್ತದೆ, ‘ಕನೆಕ್ಟೆಡ್’ ಎಂದೂ ತೋರಿಸುತ್ತದೆ, ಪರದೆಯ ಮೇಲಿನ ಬಾಣ ಮಾತ್ರ ಕದಲುವುದಿಲ್ಲ. ಬ್ಲೂಟೂತ್ ಲೋ ಎನರ್ಜಿ ಮೌಸು, ಕೀಬೋರ್ಡುಗಳಿಗೆ ‘ಯುಹಿಡ್’ ಎಂಬ ಆಯ್ಕೆ ಬೇಕು. ಅದಿರುವುದು ಬ್ಲೂಟೂತ್ ಮೆನುವಿನಲ್ಲಲ್ಲ, ‘ಡಿವೈಸ್ ಡ್ರೈವರ್ಸ್’ ಒಳಗಿನ ‘ಹಿಡ್’ ವಿಭಾಗದಲ್ಲಿ. ಹಾಗಾಗಿಯೇ ಬಿಟ್ಟುಹೋಗುತ್ತದೆ. ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಬಳಸುವವರು ಮೊದಲು ಡಾಂಗಲ್ ಚುಚ್ಚಿ, ಮೌಸನ್ನೂ ಜೋಡಿಸಿಕೊಂಡಿರಬೇಕು. ಆ ಹೊತ್ತಿನಲ್ಲಿ ಲೋಡ್ ಆಗಿರದ ಮಾಡ್ಯೂಲನ್ನೆಲ್ಲ ಅದು ಕಿತ್ತುಹಾಕುತ್ತದೆ.

ಎಲ್ಲ ಸರಿಪಡಿಸಿದ ಮೇಲೆ ಬರೀ ರೀಸ್ಟಾರ್ಟ್ ಮಾಡಬೇಡಿ. ರೀಸ್ಟಾರ್ಟ್‌ನಲ್ಲಿ ಚಿಪ್‌ಗೆ ಕರೆಂಟ್ ತಪ್ಪದೆ ಅದು ಹಳೆಯ ಸ್ಥಿತಿಯಲ್ಲೇ ಉಳಿಯಬಹುದು. ಪೂರ್ತಿ ಶಟ್‌ಡೌನ್ ಮಾಡಿ, ಅರೆನಿಮಿಷ ಬಿಟ್ಟು ಆನ್ ಮಾಡಿ. ಮೌಸ್ ತಡವರಿಸುತ್ತಿದ್ದರೆ ಡಾಂಗಲನ್ನು ಯುಎಸ್‌ಬಿ 3 ಪೋರ್ಟಿನಿಂದ ದೂರ ಸರಿಸಿ. ಆ ಪೋರ್ಟಿನಿಂದ ಹೊಮ್ಮುವ ರೇಡಿಯೋ ಅಡಚಣೆ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಬೀಳುತ್ತದೆ. ಒಂದು ಗೇಣಿನ ಎಕ್ಸ್‌ಟೆನ್ಷನ್ ಕೇಬಲ್‌ನಿಂದಲೂ ವ್ಯತ್ಯಾಸ ತಿಳಿಯುತ್ತದೆ.

ಡಾಂಗಲ್ ಮಾರುವವರಲ್ಲಿ ಒಂದು ಒತ್ತಾಯ. ಡಬ್ಬಿಯ ಮೇಲೆ ‘ಬ್ಲೂಟೂತ್ 5.3’ ಎಂದು ದಪ್ಪಕ್ಷರದಲ್ಲಿರುತ್ತದೆ, ಒಳಗಿನ ಚಿಪ್ ಯಾವುದೆಂದು ಇರುವುದು ಅಪರೂಪ. ಲಿನಕ್ಸ್ ಬಳಸುವವರಿಗೆ ಬೇಕಾದದ್ದು ಆ ಚಿಪ್‌ನ ಹೆಸರೇ. ಚುಚ್ಚಿದ ಯುಎಸ್‌ಬಿ ಸಾಧನಗಳನ್ನು ಪಟ್ಟಿ ಮಾಡುವ ‘ಎಲ್‌ಎಸ್‌ಯುಎಸ್‌ಬಿ’ (lsusb) ಕಮಾಂಡಿನಲ್ಲಿ 0ಬಿಡಿಎ ಎಂದು ಬಂದರೆ ರಿಯಲ್‌ಟೆಕ್, 8087 ಎಂದರೆ ಇಂಟೆಲ್ ಎಂದು ತಿಳಿಯುತ್ತದೆ ನಿಜ. ಆದರೆ ಸಿಎಸ್‌ಆರ್ ಕಂಪನಿಯ ಗುರುತಾದ 0ಎ12:0001 ಎಂದು ಹೇಳಿಕೊಳ್ಳುವ ನಕಲಿ ಚಿಪ್‌ಗಳು ಎಷ್ಟು ಹರಡಿವೆಯೆಂದರೆ, ಅವನ್ನು ಪತ್ತೆಹಚ್ಚಲೆಂದೇ ಕರ್ನಲ್‌ನ ಡ್ರೈವರ್‌ನಲ್ಲಿ ಪ್ರತ್ಯೇಕ ಕೋಡ್ ಸೇರಿಸಬೇಕಾಗಿ ಬಂದಿದೆ. ದುಡ್ಡು ಕೊಟ್ಟು, ಡಬ್ಬಿ ಒಡೆದು, ಚುಚ್ಚಿದ ಮೇಲಷ್ಟೇ ತಿಳಿಯುವ ಈ ಸಂಗತಿಯನ್ನು ಡಬ್ಬಿಯ ಹೊರಗೆ ಒಂದು ಸಾಲಿನಲ್ಲಿ ಅಚ್ಚು ಹಾಕಿಸಲಿ.

— ಒಬ್ಬ ಓದುಗ, ಧಾರವಾಡ