ದೀಪಕ್ಕೆ ಡಾಲ್ಡಾ ಹಾಕಿದರೆ ಸಂಪ್ರದಾಯ ಕೆಡದು

ಮಾನ್ಯ ಸಂಪಾದಕರೇ,

ಟಿಬೆಟ್ ಪಂಚಾಂಗದ ಹತ್ತನೇ ತಿಂಗಳ 25ನೇ ದಿನ, ಹೆಚ್ಚಾಗಿ ನಮ್ಮ ಡಿಸೆಂಬರ್‌ನಲ್ಲಿ, ಮೈಸೂರು ಜಿಲ್ಲೆಯ ಬೈಲುಕುಪ್ಪೆಯ ಸೆರಾ ಮಠ, ಮುಂಡಗೋಡಿನ ಗಾಂಡೆನ್ ಮತ್ತು ಡ್ರೆಪುಂಗ್ ಎಂಬ ಟಿಬೆಟನ್ ಬೌದ್ಧ ಮಠಗಳಲ್ಲಿ ಸಾಲುಸಾಲು ದೀಪ ಹಚ್ಚುತ್ತಾರೆ. ಈ ಮಠಗಳ ಗೆಲುಗ್ ಪಂಥವನ್ನು ಸ್ಥಾಪಿಸಿ 1419ರಲ್ಲಿ ತೀರಿಕೊಂಡ ಗುರು ತ್ಸೋಂಗ್‌ಖಾಪಾ ಅವರ ಪುಣ್ಯತಿಥಿ ಅದು. ನೋಡಲು ಹೋದವರಲ್ಲಿ ಕೆಲವರು, ‘ಯಾಕ್ (ಚಮರೀಮೃಗ) ಬೆಣ್ಣೆಯ ದೀಪ ಅಂದರು, ಸುರಿಯುವುದು ಡಾಲ್ಡಾ’ ಎಂದು ಮೂಗು ಮುರಿಯುತ್ತಾರೆ.

1961ರಲ್ಲಿ ಟಿಬೆಟ್ ನಿರಾಶ್ರಿತರು ಇಲ್ಲಿ ಕಾಡು ಕಡಿದು ನೆಲೆಯೂರಿದಾಗ ಬೆಣ್ಣೆ ಕೊಡುವ ಯಾಕ್ ಎಲ್ಲಿಂದ ಬರಬೇಕು? ಚಳಿನಾಡಿನ ಆ ಪ್ರಾಣಿ ನಮ್ಮ ಸೆಖೆ ತಾಳದು. ಹಸುವಿನ ಬೆಣ್ಣೆ ಇಲ್ಲಿ ಬೇಗ ಕರಗಿ ಮುಗ್ಗುತ್ತದೆ. ಡಾಲ್ಡಾದಂಥ ವನಸ್ಪತಿ ತುಪ್ಪ ಬಟ್ಟಲಲ್ಲಿ ಗಟ್ಟಿಯಾಗಿ ಕೂರುತ್ತದೆ, ಬತ್ತಿ ಅಲ್ಲಾಡುವುದಿಲ್ಲ. ಬದಲಾದದ್ದು ಕೊಬ್ಬು, ಕ್ರಮವಲ್ಲ.

ಆ ಕ್ರಮ ನೋಡುವಂಥದ್ದು. ಕಾಲುಳ್ಳ ಹಿತ್ತಾಳೆ ಬಟ್ಟಲಿನ ತಳದ ನಡುವೆ ಸಣ್ಣ ತೂತಿರುತ್ತದೆ. ಸಣ್ಣ ಕಡ್ಡಿಗೆ ಹತ್ತಿ ಬಿಗಿಯಾಗಿ ಸುತ್ತಿ, ಬುಡವನ್ನು ಆ ತೂತಿಗೆ ಸಿಕ್ಕಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಬಟ್ಟಲು ಒಣಗಿರಲೇಬೇಕು, ಒಂದು ಹನಿ ನೀರಿದ್ದರೂ ದೀಪ ಚಟಪಟ ಸಿಡಿಯುತ್ತದೆ. ಕರಗಿಸಿದ ವನಸ್ಪತಿಯನ್ನು ಕುದಿಬಿಸಿಯಲ್ಲಿ ಸುರಿಯದೆ, ತುಸು ಆರಿದ ಮೇಲೆ ಅಂಚಿಗಿಂತ ಅರ್ಧ ಬೆರಳು ಕೆಳಗಿನವರೆಗೆ ತುಂಬಿ, ಹೆಪ್ಪುಗಟ್ಟುವವರೆಗೆ ಮುಟ್ಟಬಾರದು. ಕುಡಿ ಉದ್ದವಾದರೆ ಮಸಿ, ಗಿಡ್ಡವಾದರೆ ಕರಗಿದ ಕೊಬ್ಬಿನಲ್ಲೇ ಮುಳುಗಿ ನಂದುತ್ತದೆ. ಮಸಿಯ ಕಾಟಕ್ಕೇ ಹಲವು ಮಠಗಳಲ್ಲಿ ದೀಪಕ್ಕೆ ಬೇರೆ ಮನೆ. ಪ್ರಾರ್ಥನಾ ಮಂದಿರದೊಳಗೆ ನೂರಾರು ಉರಿಸಿದರೆ ಥಾಂಗ್ಕಾ ಚಿತ್ರಪಟಗಳೆಲ್ಲ ಕಪ್ಪಾಗುತ್ತವೆ.

ಅಪಾಯವಿರುವುದು ಬತ್ತಿ ವಾಲಿದಾಗ. ಉರಿ ಅಂಚಿಗೆ ತಾಗಿ ಹಿತ್ತಾಳೆ ಕಾಯುತ್ತದೆ, ಕೊಬ್ಬೆಲ್ಲ ಒಮ್ಮೆಲೇ ಕರಗುತ್ತದೆ, ಬಟ್ಟಲುಗಳು ಒತ್ತೊತ್ತಾಗಿದ್ದರೆ ಪಕ್ಕದವೂ ಕಾಯುತ್ತವೆ. ಕೊನೆಗೆ ಬತ್ತಿಯ ಬದಲು ಬಟ್ಟಲೇ ಉರಿಯತೊಡಗುತ್ತದೆ. ಅದಕ್ಕೆ ನೀರು ಹಾಕಿದಿರೋ, ಉರಿಯುವ ಎಣ್ಣೆ ಮೈಮೇಲೆ ಎರಚುತ್ತದೆ. ಲೋಹದ ತಟ್ಟೆ ಕವುಚಿ ಗಾಳಿ ಕಟ್ಟಬೇಕು. ಹಬ್ಬದ ದಿನ ಜನ ನುಗ್ಗುವ ದೀಪದ ಮನೆಗಳಲ್ಲಿ ಇಂಥ ನಾಲ್ಕು ತಟ್ಟೆ ಕೈಗೆಟುಕುವಂತಿದ್ದರೆ ಒಳ್ಳೆಯದು. ಎರಡು ಬಟ್ಟಲಿನ ನಡುವೆ ಮೂರು ಬೆರಳಾದರೂ ಜಾಗ ಬಿಡಬೇಕು.

ದೀಪ ಹಚ್ಚಲು ಕೊಟ್ಟರೆ ಖಂಡಿತ ಹಚ್ಚಿ. ಬಾಯಿಂದ ಊದಿ ಆರಿಸಬೇಡಿ, ಅದು ನಮ್ಮ ಮನೆಗಳಲ್ಲೂ ಸಲ್ಲದು. ನೀವು ಒಯ್ದ ಮೇಣದಬತ್ತಿಯನ್ನು ಕಿಟಕಿಕಟ್ಟೆಯಲ್ಲಿಡಿ, ಹಿತ್ತಾಳೆ ಬಟ್ಟಲಿಗೆ ಚುಚ್ಚಬೇಡಿ. ಮೇಣ ತಳದ ತೂತಿಗಿಳಿದು ಗಟ್ಟಿಯಾದರೆ ಮರುದಿನ ಅದನ್ನು ಕೆರೆದು ತೆಗೆಯದೆ ಹೊಸ ಬತ್ತಿ ಕೂರುವುದಿಲ್ಲ.

– ದೀಪ ಸಿದ್ಧಪಡಿಸುವ ಸೇವೆಯಲ್ಲಿರುವ ಕೆಲವರು, ಬೈಲುಕುಪ್ಪೆ